ದೇಶದ ಹೆಸರೂ ಒಂದು ಬಂಡವಾಳ: ಪಾಶ್ಚಾತ್ಯ ಮಾಧ್ಯಮಗಳ ಬಗ್ಗೆ ಚೀನೀಯರ ದೂರು

ಯಾವುದೇ ಸರಕಿನ ಬೆಲೆಯಲ್ಲಿ ಕಚ್ಚಾ ಸಾಮಗ್ರಿ, ಕೂಲಿ, ಸಾಗಣೆ, ಸುಂಕ ಇವೆಲ್ಲ ಸೇರಿರುತ್ತವೆ. ಲೆಕ್ಕಪುಸ್ತಕದಲ್ಲಿ ನಮೂದಾಗದ ಇನ್ನೊಂದು ಅಂಶವೂ ಅದರಲ್ಲಿ ಅಡಗಿರುತ್ತದೆ. ಅದು ಸರಕು ತಯಾರಾದ ದೇಶದ ಹೆಸರು. ಸ್ವಿಟ್ಜರ್ಲೆಂಡಿನ ಗಡಿಯಾರ, ಜರ್ಮನಿಯ ಯಂತ್ರ ಎಂದೊಡನೆ ಗ್ರಾಹಕ ಎರಡು ಕಾಸು ಹೆಚ್ಚು ಕೊಡಲು ಸಿದ್ಧನಾಗುತ್ತಾನೆ. ಆ ಹೆಸರಿಗೆ ಕಳಂಕ ತಗುಲಿದರೆ ತಪ್ಪು ಮಾಡದ ಉತ್ಪಾದಕನೂ ನಷ್ಟ ಅನುಭವಿಸಬೇಕಾಗುತ್ತದೆ. ಆದ್ದರಿಂದ, ಪಾಶ್ಚಾತ್ಯ ಮಾಧ್ಯಮಗಳು ತಮ್ಮ ದೇಶವನ್ನು ನ್ಯಾಯವಾಗಿ ಚಿತ್ರಿಸುತ್ತಿಲ್ಲವೆಂಬ ಚೀನೀಯರ ಬಹುಕಾಲದ ದೂರನ್ನು ರಾಜತಾಂತ್ರಿಕರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವಾಣಿಜ್ಯ ಕ್ಷೇತ್ರದವರು ಬದಿಗಿಡುವಂತಿಲ್ಲ. ಆ ದೂರಿನಲ್ಲಿ ಸತ್ಯವೆಷ್ಟು, ಅದಕ್ಕೆ ಚೀನಾ ಕಂಡುಕೊಂಡ ಪರಿಹಾರ ಎಷ್ಟು ಫಲಕಾರಿ ಎಂಬುದು ರಫ್ತು ವ್ಯಾಪಾರದಲ್ಲಿ ತೊಡಗಿದ ಎಲ್ಲರೂ ಪರಿಶೀಲಿಸಬೇಕಾದ ಪ್ರಶ್ನೆ.

ಆಟಿಕೆಗಳ ಪ್ರಕರಣ

2007ನೇ ಇಸವಿಯು ಚೀನಾದ ರಫ್ತುದಾರರಿಗೆ ಕಹಿ ವರ್ಷವಾಗಿತ್ತು. ಸಾಕುಪ್ರಾಣಿಗಳ ಆಹಾರ, ಟೂತ್‌ಪೇಸ್ಟ್ ಮುಂತಾದವುಗಳ ಬಗ್ಗೆ ಆರೋಪಗಳು ಒಂದರ ಹಿಂದೊಂದು ಬಂದವು. ಆಗಸ್ಟ್ ತಿಂಗಳಲ್ಲಿ ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್, ಚೀನಾದಲ್ಲಿ ತಯಾರಾದ ತನ್ನ ಆಟಿಕೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯತೊಡಗಿತು. ಹೀಗೆ ಹಿಂಪಡೆದ ಆಟಿಕೆಗಳ ಸಂಖ್ಯೆ ಸುಮಾರು 2 ಕೋಟಿ. ಅಮೆರಿಕ ಮತ್ತು ಯುರೋಪಿನ ಪತ್ರಿಕೆಗಳಲ್ಲಿ ‘ಚೀನಾದ ವಿಷಪೂರಿತ ಆಟಿಕೆಗಳು’ ಎಂಬರ್ಥದ ಶೀರ್ಷಿಕೆಗಳು ವಾರಗಟ್ಟಲೆ ಮೆರೆದವು.

ಆದರೆ ವಾಸ್ತವಾಂಶ ಬೇರೆಯಾಗಿತ್ತು. ಸೀಸ ಬೆರೆತ ಬಣ್ಣದ ಕಾರಣಕ್ಕೆ ಹಿಂಪಡೆದ ಆಟಿಕೆಗಳು ಸುಮಾರು 22 ಲಕ್ಷ ಮಾತ್ರ. ಇದು ಚೀನಾದ ಕಾರ್ಖಾನೆಗಳಲ್ಲಿ ನಡೆದ ತಪ್ಪೇ ಸರಿ. ಉಳಿದ ಬಹುಪಾಲು ಆಟಿಕೆಗಳಲ್ಲಿದ್ದ ದೋಷವೆಂದರೆ, ಅವುಗಳಲ್ಲಿ ಅಳವಡಿಸಿದ್ದ ಸಣ್ಣ ಅಯಸ್ಕಾಂತಗಳು ಕಳಚಿ ಮಕ್ಕಳು ಅವನ್ನು ನುಂಗುವ ಅಪಾಯ. ಆ ವಿನ್ಯಾಸ ಚೀನಾದ್ದಲ್ಲ, ಮ್ಯಾಟೆಲ್ ಕಂಪನಿಯದು. ಸೆಪ್ಟೆಂಬರ್ 21ರಂದು ಕಂಪನಿಯ ಹಿರಿಯ ಅಧಿಕಾರಿ ಥಾಮಸ್ ಡೆಬ್ರೊವ್ಸ್ಕಿ ಬೀಜಿಂಗಿಗೆ ಬಂದು, ಚೀನಾದ ಗುಣಮಟ್ಟ ನಿಯಂತ್ರಣ ಇಲಾಖೆಯ ಮುಖ್ಯಸ್ಥ ಲಿ ಚಾಂಗ್‌ಜಿಯಾಂಗ್ ಅವರ ಸಮ್ಮುಖದಲ್ಲಿ ಇದನ್ನು ಒಪ್ಪಿಕೊಂಡು ಕ್ಷಮೆ ಯಾಚಿಸಿದರು. ಆ ಕ್ಷಮಾಯಾಚನೆಯನ್ನು ತಪ್ಪಾಗಿ ಅರ್ಥೈಸಲಾಗಿದೆಯೆಂದು ಕಂಪನಿ ಅನಂತರ ಸಮಜಾಯಿಷಿ ನೀಡಿತಾದರೂ ವಿನ್ಯಾಸದ ದೋಷವನ್ನು ಅಲ್ಲಗಳೆಯಲಿಲ್ಲ. ಅಷ್ಟರಲ್ಲಿ ಗುವಾಂಗ್‌ಡಾಂಗ್ ಪ್ರಾಂತದ ಫೊಶಾನ್ ನಗರದಲ್ಲಿ, ಸೀಸದ ಬಣ್ಣದ ಆರೋಪಕ್ಕೆ ಗುರಿಯಾಗಿದ್ದ ಕಾರ್ಖಾನೆಯ ಸಹಮಾಲೀಕರೊಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರು.

ಚೀನೀಯರ ದೂರಿನ ತಿರುಳು ಇಲ್ಲಿದೆ. ಒಂದು ಕಾರ್ಖಾನೆಯ ತಪ್ಪನ್ನು ಇಡೀ ದೇಶದ ಸ್ವಭಾವವೆಂಬಂತೆ ಬರೆಯಲಾಗುತ್ತದೆ. ಕೊಳ್ಳುವ ಕಂಪನಿಯ ತಪ್ಪು ಮಾತ್ರ ಆ ಕಂಪನಿಯ ತಪ್ಪಾಗಿಯೇ ಉಳಿಯುತ್ತದೆ. ಆರೋಪ ಮುಖಪುಟದಲ್ಲಿ ಬಂದರೆ ಸ್ಪಷ್ಟೀಕರಣ ಒಳಪುಟದ ಮೂಲೆ ಸೇರುತ್ತದೆ. ವ್ಯಾಪಾರ ಬಲ್ಲ ಯಾರೂ ಇದನ್ನು ಹುಸಿ ಕೊರಗೆಂದು ತಳ್ಳಿಹಾಕಲಾರರು.

ದೂರಿನ ಹಿನ್ನೆಲೆ

ಈ ಅಸಮಾಧಾನ ಸರ್ಕಾರದ ಪ್ರಚಾರದಿಂದ ಮಾತ್ರ ಹುಟ್ಟಿದ್ದೆಂದು ಭಾವಿಸುವುದು ತಪ್ಪಾದೀತು. ಹೊರಗಿನವರು ತಮ್ಮ ಬಗ್ಗೆ ಏನು ಬರೆಯುತ್ತಾರೆಂಬ ಕುತೂಹಲ ಚೀನೀ ಓದುಗರಲ್ಲಿ ಸದಾ ಇದೆ. ವಿದೇಶಿ ಪತ್ರಿಕೆಗಳ ಬರಹಗಳನ್ನು ಅನುವಾದಿಸಿ ನೀಡುವ, ಶಿನ್‌ಹುವಾ ಸುದ್ದಿಸಂಸ್ಥೆಯ ‘ಚಾನ್‌ಕಾವ್ ಶಿಯಾವ್‌ಶಿ’ ಪತ್ರಿಕೆ ದೀರ್ಘಕಾಲ ಪಕ್ಷದ ಕಾರ್ಯಕರ್ತರಿಗೆ ಮಾತ್ರ ಸಿಗುತ್ತಿತ್ತು. 1980ರ ದಶಕದಲ್ಲಿ ಸಾರ್ವಜನಿಕರಿಗೆ ಮುಕ್ತವಾದ ಮೇಲೆ ಅದು ದೇಶದ ಅತಿ ಹೆಚ್ಚು ಪ್ರಸಾರದ ದೈನಿಕಗಳಲ್ಲೊಂದಾಯಿತು. 1996ರಲ್ಲಿ ಲಿ ಶಿಗುವಾಂಗ್, ಲಿಯು ಕಾಂಗ್ ಮತ್ತಿತರರು, ಅಮೆರಿಕದ ಮಾಧ್ಯಮಗಳು ಚೀನಾವನ್ನು ರಾಕ್ಷಸನಂತೆ ಚಿತ್ರಿಸುತ್ತವೆಂಬ ಆರೋಪವನ್ನೇ ವಿಷಯವಾಗಿಸಿಕೊಂಡು ಪುಸ್ತಕವೊಂದನ್ನು ಪ್ರಕಟಿಸಿದರು. ಇವರು ಅಮೆರಿಕವನ್ನು ಹತ್ತಿರದಿಂದ ಬಲ್ಲ ವಿದ್ವಾಂಸರಾಗಿದ್ದರು. 1999ರ ಮೇ 7ರಂದು ಬೆಲ್‌ಗ್ರೇಡ್‌ನಲ್ಲಿದ್ದ ಚೀನೀ ರಾಯಭಾರ ಕಚೇರಿಯ ಮೇಲೆ ನ್ಯಾಟೋ ಬಾಂಬುಗಳು ಬಿದ್ದು ಮೂವರು ಚೀನೀ ಪತ್ರಕರ್ತರು ಸತ್ತಾಗ ಈ ಭಾವನೆ ಬೀದಿಗಿಳಿಯಿತು.

ಅದು ಪರಾಕಾಷ್ಠೆ ತಲುಪಿದ್ದು 2008ರಲ್ಲಿ. ಮಾರ್ಚ್ 14ರಂದು ಟಿಬೆಟಿನ ಲ್ಹಾಸಾದಲ್ಲಿ ಗಲಭೆ ನಡೆಯಿತು. ಜರ್ಮನಿಯ ಕೆಲವು ವಾಹಿನಿಗಳು ನೇಪಾಳದ ಪೊಲೀಸರು ಪ್ರತಿಭಟನಕಾರರನ್ನು ಎಳೆದಾಡುವ ದೃಶ್ಯಗಳನ್ನು ಟಿಬೆಟಿನ ಸುದ್ದಿಯೊಂದಿಗೆ ತೋರಿಸಿದವು. ಸಿ.ಎನ್.ಎನ್. ಬಳಸಿದ ಚಿತ್ರವೊಂದರಲ್ಲಿ ಸೇನಾ ವಾಹನಗಳು ಉಳಿದು, ಅವುಗಳತ್ತ ಕಲ್ಲೆಸೆಯುತ್ತಿದ್ದವರ ಭಾಗ ಕತ್ತರಿಸಿಹೋಗಿತ್ತು. ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಪದವೀಧರ ರಾವ್ ಜಿನ್ ಇಂತಹ ತಪ್ಪುಗಳನ್ನು ಸಂಗ್ರಹಿಸಿ ಪ್ರಕಟಿಸತೊಡಗಿದಾಗ ದೇಶ ವಿದೇಶಗಳ ಚೀನೀ ವಿದ್ಯಾರ್ಥಿಗಳು ಕೈಜೋಡಿಸಿದರು. ಏಪ್ರಿಲ್ 7ರಂದು ಪ್ಯಾರಿಸ್‌ನಲ್ಲಿ ಒಲಿಂಪಿಕ್ ಜ್ಯೋತಿಯನ್ನು ಗಾಲಿಕುರ್ಚಿಯಲ್ಲಿ ಕುಳಿತ ಜಿನ್ ಜಿಂಗ್ ಎಂಬ ಕ್ರೀಡಾಪಟುವಿನ ಕೈಯಿಂದ ಕಸಿಯಲು ಯತ್ನ ನಡೆದ ಮೇಲೆ, ಫ್ರಾನ್ಸಿನ ಚಿಲ್ಲರೆ ಮಾರಾಟ ಸಂಸ್ಥೆ ಕಾರ್‌ಫೂರ್‌ನ ಮಳಿಗೆಗಳ ಮುಂದೆ ಬಹಿಷ್ಕಾರದ ಘೋಷಣೆಗಳು ಮೊಳಗಿದವು. ಪತ್ರಿಕೆಯ ಮೇಲಿನ ಸಿಟ್ಟಿಗೆ ಅಂಗಡಿ ಬೆಲೆ ತೆರಬೇಕಾಯಿತು.

ದೂರು ಸೋಲುವ ಸ್ಥಳ

ಇಷ್ಟಾದರೂ ಈ ದೂರಿನ ಇನ್ನೊಂದು ಮುಖವನ್ನು ಮರೆಯಲಾಗದು. ಲ್ಹಾಸಾದ ಚಿತ್ರಗಳಿಗೆ ಬದಲು ನೇಪಾಳದ ಚಿತ್ರಗಳು ಏಕೆ ಬಂದವು? ಸಂಪಾದಕರ ಅಜಾಗರೂಕತೆ ಒಂದು ಕಾರಣ. ವಿದೇಶಿ ವರದಿಗಾರರಿಗೆ ಟಿಬೆಟ್ ಪ್ರವೇಶವನ್ನು ಚೀನಾ ಸರ್ಕಾರ ನಿರ್ಬಂಧಿಸಿದ್ದು ಇನ್ನೊಂದು ಕಾರಣ. ಆ ದಿನಗಳಲ್ಲಿ ಅಧಿಕೃತ ಅನುಮತಿ ಪಡೆದು ಲ್ಹಾಸಾದಲ್ಲಿದ್ದ ವಿದೇಶಿ ಪತ್ರಕರ್ತರೆಂದರೆ ‘ದಿ ಎಕನಾಮಿಸ್ಟ್’ ಪತ್ರಿಕೆಯ ಜೇಮ್ಸ್ ಮೈಲ್ಸ್ ಒಬ್ಬರೇ. ಹಾನ್ ಮತ್ತು ಹುಯಿ ಜನರ ಅಂಗಡಿಗಳ ಮೇಲೆ ನಡೆದ ದಾಳಿಯನ್ನು ವಿವರವಾಗಿ ವರದಿ ಮಾಡಿದವರು ಅವರೇ. ಪಾಶ್ಚಾತ್ಯರು ಮುಚ್ಚಿಟ್ಟರೆಂದು ಚೀನೀಯರು ದೂರಿದ ಸಂಗತಿ, ಸ್ಥಳದಲ್ಲಿದ್ದ ಏಕೈಕ ಪಾಶ್ಚಾತ್ಯ ವರದಿಗಾರರಿಂದಲೇ ಹೊರಬಂದಿತು. ಚೀನಾದ ಅಧಿಕಾರಿಗಳೂ ಅವರ ಮಾತುಗಳನ್ನೇ ಸಾಕ್ಷಿಯಾಗಿ ಬಳಸಿಕೊಂಡರು. ಇನ್ನೂ ಹತ್ತು ಮಂದಿಗೆ ಬಾಗಿಲು ತೆರೆದಿದ್ದರೆ ಟಿಬೆಟನ್ನರ ಅಹವಾಲೂ ಅಂಗಡಿಕಾರರ ಅಳಲೂ ಪೂರ್ಣವಾಗಿ ಜಗತ್ತಿಗೆ ತಿಳಿಯುತ್ತಿದ್ದವು.

ಅದೇ ವರ್ಷದ ಹಾಲಿನ ಪುಡಿಯ ದುರಂತ ಇನ್ನೂ ಕಠೋರವಾದ ಪಾಠ ಕಲಿಸಿತು. ಸಾನ್‌ಲು ಕಂಪನಿಯ ಶಿಶು ಆಹಾರದಲ್ಲಿ ಮೆಲಮಿನ್ ಎಂಬ ರಾಸಾಯನಿಕ ಬೆರೆತಿತ್ತು. ಬೀಜಿಂಗ್ ಒಲಿಂಪಿಕ್ಸ್ ಸಮಯದಲ್ಲಿ ಆಹಾರ ಸುರಕ್ಷತೆಯ ಸುದ್ದಿಗಳಿಗೆ ಅಂಕುಶ ಬಿದ್ದಿತ್ತು. ಸೆಪ್ಟೆಂಬರ್ 11ರಂದು ಶಾಂಘೈನ ‘ಓರಿಯಂಟಲ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ವರದಿಗಾರ ಜಿಯಾನ್ ಗುವಾಂಗ್‌ಝೌ ಕಂಪನಿಯ ಹೆಸರನ್ನು ಬಹಿರಂಗಪಡಿಸಿದರು. ಆರು ಶಿಶುಗಳು ಮೃತಪಟ್ಟವು. ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. ಕಂಪನಿ ದಿವಾಳಿಯಾಯಿತು, ಅದರಲ್ಲಿ ಶೇಕಡಾ 43ರಷ್ಟು ಪಾಲು ಹೊಂದಿದ್ದ ನ್ಯೂಜಿಲೆಂಡಿನ ಫಾಂಟೆರಾ ಸಂಸ್ಥೆಯೂ ಭಾರಿ ಹಾನಿ ಅನುಭವಿಸಿತು.

ಇಲ್ಲಿ ಸತ್ಯವನ್ನು ಹೊರಗೆಡವಿದವರು ಚೀನೀ ಪತ್ರಕರ್ತರೆಂಬುದು ಗಮನಾರ್ಹ. ಅವರ ಕೈ ಕಟ್ಟಿದ್ದ ತಿಂಗಳುಗಳಲ್ಲಿ ಮಕ್ಕಳು ಅದೇ ಹಾಲು ಕುಡಿದರು. ಅನಂತರದ ವರ್ಷಗಳಲ್ಲಿ ಚೀನೀ ತಂದೆತಾಯಿಯರು ವಿದೇಶಿ ಹಾಲಿನ ಪುಡಿಗಾಗಿ ಹಾಂಗ್‌ಕಾಂಗ್‌ನ ಅಂಗಡಿಗಳನ್ನು ಬರಿದು ಮಾಡಿದರು. ಕೊನೆಗೆ 2013ರ ಮಾರ್ಚ್ 1ರಿಂದ, ಹಾಂಗ್‌ಕಾಂಗ್ ಬಿಟ್ಟು ಹೋಗುವವರು ತಲಾ 1.8 ಕಿಲೋಗ್ರಾಂಗಿಂತ ಹೆಚ್ಚು ಹಾಲಿನ ಪುಡಿ ಒಯ್ಯಕೂಡದೆಂಬ ನಿಯಮ ಜಾರಿಯಾಯಿತು. ಸ್ವದೇಶದ ಸರಕಿನ ಮೇಲಿನ ಈ ಅಪನಂಬಿಕೆಯನ್ನು ಯಾವ ಪಾಶ್ಚಾತ್ಯ ವಾಹಿನಿಯೂ ಬಿತ್ತಿದ್ದಲ್ಲ.

ಬಾಗಿಲು ಮುಚ್ಚುವ ಪರಿಹಾರ

ಚೀನಾ ಈ ಸಮಸ್ಯೆಗೆ ಮೊದಲು ವ್ಯಾಪಾರಿಗೆ ಒಪ್ಪುವ ಮಾರ್ಗವನ್ನೇ ಹಿಡಿದಿತ್ತು. 2009ರ ನವೆಂಬರಿನಲ್ಲಿ ಅಲ್ಲಿನ ವಾಣಿಜ್ಯ ಸಚಿವಾಲಯವು ಉದ್ಯಮ ಸಂಘಗಳೊಂದಿಗೆ ಸೇರಿ ಜಾಹೀರಾತೊಂದನ್ನು ಪ್ರಸಾರ ಮಾಡಿಸಿತು. ಚೀನಾದಲ್ಲಿ ತಯಾರಾದ ಸರಕು ವಾಸ್ತವದಲ್ಲಿ ಇಡೀ ಜಗತ್ತು ಸೇರಿ ತಯಾರಿಸಿದ ಸರಕು ಎಂಬುದು ಅದರ ಸಾರ. ಅದು ಪ್ರಸಾರವಾದದ್ದು, ಹಿಂದಿನ ವರ್ಷವಷ್ಟೇ ಚೀನೀ ಯುವಜನರ ಕೋಪಕ್ಕೆ ಗುರಿಯಾಗಿದ್ದ ಸಿ.ಎನ್.ಎನ್. ವಾಹಿನಿಯಲ್ಲಿ.

ಆದರೆ ಅನಂತರದ ಹಾದಿ ಬೇರೆಯಾಯಿತು. 2012ರಲ್ಲಿ ನಾಯಕರ ಕುಟುಂಬಗಳ ಸಂಪತ್ತಿನ ಬಗ್ಗೆ ವರದಿ ಮಾಡಿದ ಬ್ಲೂಮ್‌ಬರ್ಗ್ ಮತ್ತು ‘ನ್ಯೂಯಾರ್ಕ್ ಟೈಮ್ಸ್’ ಅಂತರ್ಜಾಲ ತಾಣಗಳನ್ನು ಚೀನಾದಲ್ಲಿ ನಿರ್ಬಂಧಿಸಲಾಯಿತು. 2020ರ ಫೆಬ್ರವರಿಯಲ್ಲಿ, ಕೊರೋನಾ ಸೋಂಕಿನ ಸಂದರ್ಭದಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಚೀನಾವನ್ನು ‘ಏಷ್ಯಾದ ರೋಗಿ’ ಎಂದು ಕರೆದ ಶೀರ್ಷಿಕೆ ಪ್ರಕಟಿಸಿತು. ವಸಾಹತುಶಾಹಿ ಕಾಲದ ಅವಮಾನವನ್ನು ನೆನಪಿಸುವ ಆ ಮಾತು ಚೀನೀಯರನ್ನು ನೋಯಿಸಿದ್ದು ಸಹಜ. ಆದರೆ ಶಿಕ್ಷೆಯಾದದ್ದು ಆ ಶೀರ್ಷಿಕೆಗೆ ಯಾವ ಸಂಬಂಧವೂ ಇಲ್ಲದ, ಬೀಜಿಂಗಿನಲ್ಲಿದ್ದ ಮೂವರು ವರದಿಗಾರರಿಗೆ. ಮಾರ್ಚ್‌ನಲ್ಲಿ ಅಮೆರಿಕ ತನ್ನಲ್ಲಿದ್ದ ಚೀನೀ ಸರ್ಕಾರಿ ಮಾಧ್ಯಮಗಳ ಸಿಬ್ಬಂದಿಯನ್ನು 160ರಿಂದ 100ಕ್ಕೆ ಇಳಿಸಿತು. ಪ್ರತಿಯಾಗಿ ಚೀನಾ ಮೂರು ಅಮೆರಿಕನ್ ಪತ್ರಿಕೆಗಳ ಹನ್ನೆರಡಕ್ಕೂ ಹೆಚ್ಚು ವರದಿಗಾರರನ್ನು ಹೊರಹಾಕಿತು. 2021ರ ಫೆಬ್ರವರಿಯಲ್ಲಿ ಬ್ರಿಟನ್ ಚೀನಾದ ಸಿ.ಜಿ.ಟಿ.ಎನ್. ವಾಹಿನಿಯ ಪರವಾನಗಿ ರದ್ದುಪಡಿಸಿದರೆ ಒಂದೇ ವಾರದಲ್ಲಿ ಚೀನಾ ಬಿ.ಬಿ.ಸಿ. ವರ್ಲ್ಡ್ ನ್ಯೂಸ್ ಪ್ರಸಾರವನ್ನು ನಿಷೇಧಿಸಿತು. ಮುಂದಿನ ತಿಂಗಳೇ, ಶಿನ್‌ಜಿಯಾಂಗ್ ಹತ್ತಿಯ ಬಗ್ಗೆ ಕಳವಳ ವ್ಯಕ್ತಪಡಿಸಿದ್ದ ಸ್ವೀಡನ್ನಿನ ಉಡುಪು ಕಂಪನಿ ಎಚ್ ಅಂಡ್ ಎಂ ಚೀನಾದ ಪ್ರಮುಖ ಮಾರಾಟ ತಾಣಗಳಿಂದ ರಾತ್ರೋರಾತ್ರಿ ಮಾಯವಾಯಿತು. ವೀಸಾ ನಿರ್ಬಂಧಗಳನ್ನು ಸಡಿಲಿಸಲು 2021ರ ನವೆಂಬರಿನಲ್ಲಿ ಅಮೆರಿಕ ಮತ್ತು ಚೀನಾ ಒಪ್ಪಿದವಾದರೂ ಹಿಂದಿನ ಸ್ಥಿತಿ ಮರಳಲಿಲ್ಲ.

ಇದರ ಪರಿಣಾಮವೇನು? ಹೊರಹಾಕಲ್ಪಟ್ಟ ವರದಿಗಾರ ಬರೆಯುವುದನ್ನು ನಿಲ್ಲಿಸುವುದಿಲ್ಲ. ತೈಪೆಯಲ್ಲೋ ಸೋಲ್‌ನಲ್ಲೋ ಕುಳಿತು ಬರೆಯುತ್ತಾನೆ. ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡುವ ಅವಕಾಶವಿಲ್ಲದವನು ಉಪಗ್ರಹ ಚಿತ್ರಗಳನ್ನೂ ದೂರದ ಪಂಡಿತರ ಊಹೆಯನ್ನೂ ಆಶ್ರಯಿಸುತ್ತಾನೆ. ಚೀನೀಯರು ದೂರುತ್ತಿದ್ದ ಏಕಮುಖ ಚಿತ್ರಣ ಇದರಿಂದ ಹೆಚ್ಚುವುದೇ ಹೊರತು ಕಡಿಮೆಯಾಗದು.

2012ರ ಒಂದು ಘಟನೆ ಇದಕ್ಕೆ ವಿರುದ್ಧವಾದ ದಾರಿಯನ್ನು ತೋರಿಸುತ್ತದೆ. ಆ್ಯಪಲ್ ಕಂಪನಿಗೆ ಸರಕು ಒದಗಿಸುವ ಚೀನೀ ಕಾರ್ಖಾನೆಗಳ ದುಃಸ್ಥಿತಿಯನ್ನು ಕಣ್ಣಾರೆ ಕಂಡಂತೆ ವರ್ಣಿಸಿದ ಮೈಕ್ ಡೈಸಿ ಎಂಬ ಕಲಾವಿದನ ಕಥನವನ್ನು ಅಮೆರಿಕದ ರೇಡಿಯೋ ಕಾರ್ಯಕ್ರಮವೊಂದು ಜನವರಿಯಲ್ಲಿ ಪ್ರಸಾರ ಮಾಡಿತ್ತು. ಮಾರ್ಚ್‌ನಲ್ಲಿ ಅದೇ ಕಾರ್ಯಕ್ರಮ ಇಡೀ ಕಂತನ್ನು ಹಿಂತೆಗೆದುಕೊಂಡಿತು. ಅದರ ಸುಳ್ಳುಗಳನ್ನು ಬಯಲಿಗೆಳೆದದ್ದು ಬಹಿಷ್ಕಾರವೂ ಅಲ್ಲ, ಜಾಹೀರಾತೂ ಅಲ್ಲ. ಶಾಂಘೈನಲ್ಲಿ ನೆಲೆಸಿದ್ದ ರಾಬ್ ಶ್ಮಿಟ್ಜ್ ಎಂಬ ಅಮೆರಿಕನ್ ವರದಿಗಾರ, ಡೈಸಿಯ ದುಭಾಷಿಯನ್ನು ಹುಡುಕಿ ಮಾತನಾಡಿಸಿ ಸತ್ಯವನ್ನು ಹೊರತಂದ. ಚೀನಾದೊಳಗೆ ಓಡಾಡಲು ಅವನಿಗೆ ಅವಕಾಶವಿದ್ದುದರಿಂದಲೇ ಅದು ಸಾಧ್ಯವಾಯಿತು.

ಭಾರತೀಯ ರಫ್ತುದಾರರಿಗೆ

ಈ ಚರ್ಚೆಯಿಂದ ಭಾರತ ದೂರವಿಲ್ಲ. ಚೀನೀ ಆಟಿಕೆಗಳ ಕುರಿತ ಆತಂಕದ ನಡುವೆ ಭಾರತ ಸರ್ಕಾರ 2009ರ ಜನವರಿಯಲ್ಲಿ ಅವುಗಳ ಆಮದನ್ನು ಆರು ತಿಂಗಳ ಕಾಲ ನಿಷೇಧಿಸಿ, ಮಾರ್ಚ್‌ನಲ್ಲಿ ಸುರಕ್ಷತಾ ಪ್ರಮಾಣಪತ್ರವುಳ್ಳ ಆಟಿಕೆಗಳಿಗೆ ವಿನಾಯಿತಿ ನೀಡಿತು. ಅಂದರೆ ಭಾರತವೂ ಮೊದಲು ದೇಶದ ಹೆಸರನ್ನೇ ನೋಡಿತು, ಪರೀಕ್ಷಾ ವರದಿಯನ್ನು ಅನಂತರ ನೋಡಿತು. ಮುಂದೆ ಅದೇ ಪರಿಸ್ಥಿತಿ ಭಾರತದ ಪಾಲಿಗೂ ಬಂದಿತು. 2006ರಲ್ಲಿ ಪನಾಮಾದಲ್ಲಿ ನೂರಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಕೆಮ್ಮಿನ ಔಷಧಕ್ಕೆ, ಗ್ಲಿಸರಿನ್ ಎಂಬ ಸುಳ್ಳು ಹೆಸರಿನಲ್ಲಿ ಸೇರಿದ್ದ ಡೈಎಥಿಲೀನ್ ಗ್ಲೈಕಾಲ್ ಬಂದದ್ದು ಚೀನಾದಿಂದ. 2022ರಲ್ಲಿ ಅದೇ ವಿಷದ ಹೆಸರು, ಗ್ಯಾಂಬಿಯಾದ ಮಕ್ಕಳ ಸಾವಿನ ಸಂದರ್ಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಎಚ್ಚರಿಕೆಯಲ್ಲಿ ಭಾರತದಲ್ಲಿ ತಯಾರಾದ ಔಷಧಗಳೊಂದಿಗೆ ಕೇಳಿಬಂದಿತು. ಭಾರತವನ್ನು ಕಳಂಕಿತಗೊಳಿಸುವ ಯತ್ನವಿದು ಎಂಬ ಮಾತು ಇಲ್ಲಿಯೂ ಎದ್ದಿತು. ಆದರೆ ವ್ಯಾಪಾರಕ್ಕೆ ನೆರವಾಗಬಲ್ಲ ಕ್ರಮವೆಂದರೆ, 2023ರ ಜೂನ್ 1ರಿಂದ ಕೆಮ್ಮಿನ ಔಷಧಗಳನ್ನು ರಫ್ತಿಗೆ ಮುನ್ನ ನಿಗದಿತ ಪ್ರಯೋಗಾಲಯಗಳಲ್ಲಿ ಪರೀಕ್ಷಿಸುವುದನ್ನು ಕಡ್ಡಾಯಗೊಳಿಸಿದ್ದು.

ಪಾಶ್ಚಾತ್ಯ ಪತ್ರಿಕೆಗಳ ಪಕ್ಷಪಾತವನ್ನು ದಾಖಲೆ ಸಹಿತ ಎತ್ತಿ ತೋರಿಸುವ ಹಕ್ಕು ಚೀನೀಯರಿಗಿದೆ, ಭಾರತೀಯರಿಗೂ ಇದೆ. ಮ್ಯಾಟೆಲ್ ಅಧಿಕಾರಿ ಬೀಜಿಂಗಿಗೆ ಬಂದು ತಲೆಬಾಗಿದ್ದು, ದೋಷ ವಿನ್ಯಾಸದಲ್ಲಿತ್ತೆಂಬುದನ್ನು ಅಲ್ಲಗಳೆಯಲು ಸಾಧ್ಯವಿರಲಿಲ್ಲ ಎಂಬ ಕಾರಣಕ್ಕೆ. ಅಂತಹ ಪುರಾವೆ ಕೈಯಲ್ಲಿರಬೇಕಾದರೆ ಕಾರ್ಖಾನೆಯ ದಾಖಲೆಗಳು ಪ್ರತಿನಿತ್ಯ ಸರಿಯಿರಬೇಕು, ಪ್ರಯೋಗಾಲಯದ ವರದಿ ನಂಬಲರ್ಹವಾಗಿರಬೇಕು, ದೋಷ ಕಂಡ ದಿನವೇ ಅದನ್ನು ಬರೆಯುವ ಸ್ವಾತಂತ್ರ್ಯ ಸ್ವದೇಶದ ಪತ್ರಿಕೆಗಳಿಗಿರಬೇಕು. ಆರೋಪ ಬಂದಾಗ ವರದಿಗಾರನನ್ನು ಹೊರದಬ್ಬುವ ಬದಲು ಒಳಗೆ ಕರೆದು, ಕಡತ ತೆರೆದು ತೋರಿಸಬಲ್ಲ ಉದ್ಯಮಿಯು ತನ್ನ ಸಂಸ್ಥೆಯ ಹೆಸರಿನೊಂದಿಗೆ ತನ್ನ ದೇಶದ ಹೆಸರನ್ನೂ ಕಾಪಾಡುತ್ತಾನೆ.