ಸಣ್ಣ ವ್ಯಾಜ್ಯ, ದೊಡ್ಡ ಅನ್ಯಾಯ

ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನೊಬ್ಬ ಬಾಡಿಗೆ ಮನೆ ಬಿಟ್ಟನೆಂದು ತಿಳಿಯಿರಿ. ಅವನು ಕೊಟ್ಟಿದ್ದ ಮುಂಗಡ 15,000 ರೂಪಾಯಿ. ಮಾಲೀಕ ಮೊದಲು ಸುಣ್ಣಬಣ್ಣದ ಲೆಕ್ಕ ಹೇಳುತ್ತಾನೆ, ಆಮೇಲೆ ನಾಳೆ ಬಾ ಎನ್ನುತ್ತಾನೆ, ಕೊನೆಗೆ "ಬೇಕಾದರೆ ಕೋರ್ಟಿಗೆ ಹೋಗು" ಎನ್ನುತ್ತಾನೆ. ಈ ಸವಾಲನ್ನು ಹಾಕುವವನು ಯಾವಾಗಲೂ ಹಣ ಹಿಡಿದು ಕೂತವನೇ ಎಂಬುದನ್ನು ವಾಚಕರು ಗಮನಿಸಬೇಕು. ಅವನ ನಂಬಿಕೆ ನ್ಯಾಯದ ಮೇಲಲ್ಲ, ವಿಳಂಬದ ಮೇಲೆ.

ಲೆಕ್ಕ ಹಾಕಿ ನೋಡೋಣ. ದಿನದ ಕೂಲಿ 600 ರೂಪಾಯಿ ಎಂದು ಹಿಡಿದರೂ ಹತ್ತು ವಾಯಿದೆಗೆ 6,000 ರೂಪಾಯಿ ಹೋಯಿತು. ಬಸ್ಸಿನ ಚಾರ್ಜು, ವಕೀಲರ ಫೀಜು, ನಕಲಿನ ಖರ್ಚು ಬೇರೆ. ಕೈಗೆ ಬರುವ ಮೊದಲೇ ಮುಂಗಡ ಕರಗಿತು. "ಗೆದ್ದವ ಸೋತ, ಸೋತವ ಸತ್ತ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕುಷ್ಟಗಿಯ ಕಿರಾಣಿ ಅಂಗಡಿಯವನು ಭಾವಮೈದುನನಿಗೆ ಕೈಗಡ ಕೊಟ್ಟು ಚೀಟಿ ಬರೆಸಿಕೊಳ್ಳುವುದಿಲ್ಲ. ಮೂರು ವರ್ಷ ಕಳೆದರೆ ಕೋರ್ಟಿನ ಬಾಗಿಲೂ ಮುಚ್ಚುತ್ತದೆ. ಕೊಪ್ಪಳದಲ್ಲಿ ಗಂಡನಿಂದ ಬೇರೆಯಾದವಳ ಪಾತ್ರೆ, ಬೆಳ್ಳಿ ಅತ್ತೆಮನೆಯಲ್ಲೇ ಉಳಿಯುತ್ತದೆ. ಯಲಬುರ್ಗಾದ ಎರೆ ಹೊಲದಲ್ಲಿ ತಂಗಿಯ ಪಾಲನ್ನು ಅಣ್ಣ ಸೀರೆ-ಕುಪ್ಪಸದಲ್ಲಿ ತೀರಿಸುತ್ತಾನೆ. ಮಗಳಿಗೂ ಸಮಪಾಲೆಂದು ನಮ್ಮ ರಾಜ್ಯ 1994ರಲ್ಲಿ, ಕೇಂದ್ರ 2005ರಲ್ಲಿ ಕಾಯಿದೆ ಮಾಡಿದ ಮೇಲೂ ಈ ಮಾತು! ಇಲ್ಲಿ ಮಾಲೀಕರನ್ನಷ್ಟೇ ಬೈದರೆ ಸಾಲದು. ಗಿರಣಿಯಲ್ಲಿ ಹಕ್ಕು ಕೇಳುವ ನಮ್ಮವನೇ ಮನೆಯಲ್ಲಿ ತಂಗಿಯ ಹಕ್ಕು ನುಂಗಿದರೆ ಅವನೂ ಸಣ್ಣ ಜಮೀನ್ದಾರನೇ.

ಇವೆಲ್ಲ ಮನೆಯ ಜಗಳ, ರಾಜಕೀಯವಲ್ಲ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಬಡವನಿಗೆ ಸರಕಾರದ ಮುಖ ಕಾಣುವುದು ಇಂಥ ಜಗಳದಲ್ಲೇ.

1997ರಲ್ಲಿ ಜಿಲ್ಲೆಯಾಗುವ ತನಕ ನಮ್ಮ ಜಿಲ್ಲಾ ಕೇಂದ್ರ ರಾಯಚೂರು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟು ಪೀಠ ಬರುವ ತನಕ ಅಪೀಲಿಗೆ ಬೆಂಗಳೂರೇ ಗತಿ. ದೊಡ್ಡ ಕೋರ್ಟು ಹತ್ತಿರ ಬಂತು, ಸಂತೋಷ. ಸಣ್ಣ ಕೋರ್ಟು ಎಲ್ಲಿ? ಬೆಂಗಳೂರಿನಲ್ಲಿ ಲಘು ವ್ಯವಹಾರಗಳಿಗೆಂದೇ ಪ್ರತ್ಯೇಕ ನ್ಯಾಯಾಲಯವಿದೆ. ನಮ್ಮ ತಾಲ್ಲೂಕುಗಳಲ್ಲಿ ಹಮಾಲನ ಮುಂಗಡವೂ ಸಾಹುಕಾರನ ಜಮೀನು ದಾವೆಯೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಪಾರ್ಲಿಮೆಂಟು 2008ರಲ್ಲಿ ಗ್ರಾಮ ನ್ಯಾಯಾಲಯಗಳ ಕಾಯಿದೆ ಮಾಡಿತು. 2009ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಅದು ಜಾರಿಗೆ ಬಂತು. ನ್ಯಾಯಾಧೀಶರೇ ಹಳ್ಳಿಗೆ ಬಂದು ಕೂತು ಕೂಲಿಯ ಬಾಕಿ, ವ್ಯಾಪಾರದ ಮತ್ತು ಸಾಲದ ಹಣದ ದಾವೆ ಕೇಳಬೇಕು, ಆರು ತಿಂಗಳೊಳಗೆ ತೀರಿಸಲು ಯತ್ನಿಸಬೇಕು ಎಂದು ಅದರಲ್ಲಿದೆ. ಆದರೆ ಇಂಥ ನ್ಯಾಯಾಲಯವನ್ನು ರಾಜ್ಯ ಸರಕಾರ ಸ್ಥಾಪಿಸ"ಬಹುದು" ಎಂದು ಬರೆದರು. ಬಾಡಿಗೆ ಕೊಡು"ವುದು" ಎಂದು ನಮಗೆ, ನ್ಯಾಯ ಕೊಡ"ಬಹುದು" ಎಂದು ಸರಕಾರಕ್ಕೆ! ಈ "ಬಹುದು" "ಬೇಕು" ಆಗಲಿ. ಹಳ್ಳಿಗೆ ಹೇಳಿದ ಈ ಏರ್ಪಾಡು ಪಟ್ಟಣದ ಬಾಡಿಗೆದಾರನಿಗೂ ಸಿಗಲಿ. ಕೂಲಿ ತಪ್ಪದಂತೆ ಸಂಜೆ ಹೊತ್ತು ಕೋರ್ಟು ಕೂಡಲಿ.

ಲೋಕ ಅದಾಲತ್ ಇದೆಯಲ್ಲ ಎನ್ನುತ್ತಾರೆ. ಇದೆ, ಒಳ್ಳೆಯದೇ. ಅಲ್ಲಿ ಫೀಜಿಲ್ಲ, ದಾವೆ ಹೂಡುವ ಮೊದಲೇ ಹೋಗಬಹುದು. ಆದರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ ಅದು ಮುಗಿಯುತ್ತದೆ. ಕೊಡುವುದಿಲ್ಲವೆಂದು ಕೂತವನಿಗೆ ಅದು ಏನು ಮಾಡೀತು? ಒಪ್ಪಿ ಸಹಿ ಹಾಕಿದ ಮೇಲೆ ಅಪೀಲಿಲ್ಲ. ಹತ್ತು ಸಾವಿರ ಬರಬೇಕಾದಲ್ಲಿ ಎರಡು ಸಾವಿರಕ್ಕೆ "ರಾಜಿ ಮಾಡಿಕೊಳ್ಳಪ್ಪಾ" ಎಂದು ಬೆನ್ನು ತಟ್ಟುವವರ ಮಾತಿಗೆ ಅವಸರದಿಂದ ಸಹಿ ಹಾಕಬೇಡಿ. ಹಸಿದವನ ರಾಜಿ ರಾಜಿಯಲ್ಲ, ಶರಣಾಗತಿ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಮುಂಗಡಕ್ಕೆ ರಸೀದಿ ಕೇಳಿ. ಕೊಡದಿದ್ದರೆ ಬ್ಯಾಂಕಿನ ಮೂಲಕವೇ ಹಣ ಸಲ್ಲಿಸಿ. ತಮ್ಮನಿಗೆ ಕೊಟ್ಟರೂ ಚೀಟಿ ಬರೆಸಿ. ಚೀಟಿ ಬರೆಸಿದರೆ ಪ್ರೀತಿ ಕೆಡುವುದಿಲ್ಲ, ಬರೆಸದಿದ್ದರೆ ಕೆಡುತ್ತದೆ. ಗಡುವು ಮುಗಿಯುವ ಮೊದಲೇ ಬಾಕಿ ಇದೆಯೆಂದು ಸಹಿ ಪಡೆದರೆ ಮೂರು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. 1987ರ ಕಾನೂನು ಸೇವಾ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕನಿಗೂ ಹೆಂಗಸರಿಗೂ ಪುಕ್ಕಟೆ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಜಪ್ತಿ ಮಾಡಿಸುತ್ತೇನೆಂದು ಹೆದರಿಸುವವನಿಗೆ, ಕೂಲಿಕಾರನ ಕೂಲಿಯನ್ನೂ ಕಸಬುದಾರನ ಉಪಕರಣವನ್ನೂ ಸಿವಿಲ್ ಡಿಕ್ರಿಗೆ ಜಪ್ತಿ ಮಾಡಲಾಗದೆಂದು ತಿಳಿಸಿ.

ಒಬ್ಬನೇ ಹೋದರೆ "ನಾಳೆ ಬಾ". ಹತ್ತು ಮಂದಿ ಹೋದರೆ "ಕುಳಿತುಕೊಳ್ಳಿ". ಆದ್ದರಿಂದ ಗೆಳೆಯರೇ, ನೆರೆಯವನ ಹದಿನೈದು ಸಾವಿರವನ್ನು ನಿಮ್ಮದೆಂದೇ ತಿಳಿಯಿರಿ. ನಾಳೆ ಅದು ನಿಮ್ಮದೇ ಆದೀತು.