ದಿವಾಳಿಯಾದವನ ಪಾಸ್‌ಬುಕ್ಕಿಗೆ ಜಪ್ತಿ!



ಹಿಂದೆ ಜಪ್ತಿ ಅಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಮನೆ ಮುಂದೆ ಜೀಪು ನಿಲ್ಲುತ್ತಿತ್ತು, ಹಂಡೆ, ಕೊಳಗ, ಪಂಪ್‌ಸೆಟ್ಟು ಹೊತ್ತು ಒಯ್ಯುತ್ತಿದ್ದರು. 1980ರ ದಶಕದಲ್ಲಿ ರೈತಸಂಘ ಊರ ಬಾಗಿಲಿಗೆ ಬೋರ್ಡು ಹಾಕಿತು, ಅಪ್ಪಣೆ ಇಲ್ಲದೆ ವಸೂಲಿಯವರು ಒಳಗೆ ಬರಕೂಡದು ಅಂತ. ಹೊತ್ತೊಯ್ದ ಸಾಮಾನನ್ನು ಮರುಜಪ್ತಿ ಮಾಡಿ ತಂದದ್ದೂ ಉಂಟು. ಈಗ ಬೋರ್ಡು ಯಾರಿಗೆ ತೋರಿಸ್ತೀರಿ? ಯಾರೂ ಊರಿಗೆ ಬರೋದೇ ಇಲ್ಲವಲ್ಲ! ಬ್ಯಾಂಕಿನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ನಿಮ್ಮ ಉಳಿತಾಯ ಖಾತೆ ‘ಹೋಲ್ಡ್’. ಕಬ್ಬಿನ ಬಟವಾಡೆ ಬಂತು ಅಂತ ಮೊಬೈಲು ಕೂಗುತ್ತೆ. ಮದ್ದೂರಿಗೋ ಮಳವಳ್ಳಿಗೋ ಬಸ್ಸು ಹತ್ತಿ ಹೋಗಿ ಚೀಟಿ ಬರೆದು ಕೊಟ್ಟರೆ, ‘ಬೆಳೆಸಾಲ ಬಾಕಿ ಐತೆ, ದುಡ್ಡು ಬಿಡೋಕಾಗಲ್ಲ’ ಅಂತಾರೆ. ಕೋರ್ಟಿಲ್ಲ, ಡಿಕ್ರಿ ಇಲ್ಲ, ಅಮೀನನಿಲ್ಲ. ಇದು ಜಪ್ತಿಯಲ್ಲದೆ ಮತ್ತೇನು?

1908ರ ಸಿವಿಲ್ ಪ್ರೊಸೀಜರ್ ಕೋಡು ಬ್ರಿಟಿಷರು ಮಾಡಿದ್ದು. ಅದರ 60ನೇ ಕಲಂ ಓದಿಸಿ ಕೇಳಿ. ಬೇಸಾಯಗಾರನ ನೇಗಿಲು ನೊಗ, ಬದುಕಿಗೆ ಬೇಕಾದಷ್ಟು ದನ, ಬಿತ್ತನೆ ಕಾಳು, ವಾಸದ ಮನೆ, ಇವನ್ನು ಸಾಲದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ. ಎತ್ತು ಕಿತ್ತುಕೊಂಡರೆ ಸಾಲ ತೀರೋದಿಲ್ಲ ಅನ್ನೋದು ಪರಂಗಿಯವನಿಗೂ ತಿಳಿದಿತ್ತು ಕಣ್ರಪ್ಪ! ಇವತ್ತಿನ ಎತ್ತು ಯಾವುದು, ಬಿತ್ತನೆ ಕಾಳು ಯಾವುದು? ಪಾಸ್‌ಬುಕ್ಕಿನಲ್ಲಿರುವ ನಾಲ್ಕು ಕಾಸು. ಗೊಬ್ಬರ, ಡೀಸೆಲ್ಲು, ಹಸುವಿನ ಹಿಂಡಿ ಬೂಸಾ, ಮಗಳ ಕಾಲೇಜು ಫೀಸು ಎಲ್ಲಾ ಅದರಲ್ಲೇ. ಅದನ್ನು ಕಾಯುವ ಕಲಂ ಮಾತ್ರ ಆ ಪಟ್ಟಿಯಲ್ಲಿಲ್ಲ. ಬ್ಯಾಂಕಿನವರು 1872ರ ಕರಾರು ಕಾಯ್ದೆಯ 171ನೇ ಕಲಂ ತೋರಿಸುತ್ತಾರೆ, ನಮ್ಮ ಕೈಲಿರುವ ನಿಮ್ಮ ದುಡ್ಡಿನ ಮೇಲೆ ನಮಗೆ ಹಕ್ಕು ಅಂತ. 2023ರ ಬರದ ಪರಿಹಾರ 2024ರ ಮೇ ತಿಂಗಳಲ್ಲಿ ಖಾತೆಗೆ ಬಿದ್ದಾಗ ಅದನ್ನೂ ಸಾಲಕ್ಕೆ ಮುರಿದುಕೊಂಡರು. ಮುರಿಯಬೇಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಬರದ ದುಡ್ಡಿಗೂ ಬಾಯಿ ಹಾಕುವವರಿಗೆ ಏನನ್ನೋಣ?

‘ಪಾಪರ್ ಚೀಟಿ ತಗೊಂಬುಡು’ ಅಂತ ಅರಳೀಕಟ್ಟೆ ಪಂಡಿತರು ಹೇಳುತ್ತಾರೆ. ಮಂಡ್ಯದ ರೈತನಿಗೆ ಇವತ್ತಿಗೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರಲ್ಲಿ ಕೈಸಾಲದವನನ್ನು ತಡೆಯಬಹುದು, ಜಮೀನು ಅಡಮಾನ ಹಿಡಿದವನನ್ನು ತಡೆಯುವಂತಿಲ್ಲ. ನಮ್ಮ ಪಹಣಿಯ ಮೇಲೆ ಕೂತಿರುವವನು ಅಡಮಾನದವನೇ. ಅದೇ ಕಂಪನಿಗಳಿಗೆ 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ಕೇಸು ಅಂಗೀಕಾರವಾದ ದಿನದಿಂದ ವಸೂಲಿ ಬಂದ್. ಕಂಪನಿ ಉಸಿರಾಡಬೇಕಲ್ಲ, ದಿನದ ಖರ್ಚಿಗೆ ದುಡ್ಡು ಬಿಡುತ್ತಾರೆ. ದಿವಾಳಿಯಾದ ಕಂಪನಿಗೆ ಕರೆಂಟು ಬಿಲ್ಲು ಕಟ್ಟಲು ದುಡ್ಡು, ದಿವಾಳಿಯಾದ ರೈತನಿಗೆ ರಾಗಿ ತರಲೂ ಇಲ್ಲ! ಆ ಸಂಹಿತೆಯಲ್ಲಿ ವ್ಯಕ್ತಿಗಳ ದಿವಾಳಿಗೂ ಒಂದು ಭಾಗ ಬರೆದಿದ್ದಾರೆ. 2019ರಲ್ಲಿ ಅದನ್ನು ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ.

ಇನ್ನು ಸಕ್ಕರೆ ಕಾರ್ಖಾನೆಗಳ ಮಾತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ. ಆ ಬಡ್ಡಿ ಕಂಡವರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ? ನಮಗೆ ಬರಬೇಕಾದ್ದು ತಡವಾದರೆ ಯಾರ ಖಾತೆಯೂ ಹೋಲ್ಡ್ ಆಗೋದಿಲ್ಲ. ಅದು ತಡವಾಗಿ ನಾವು ಸುಸ್ತಿದಾರರಾದರೆ ನಮ್ಮದು ಆಗುತ್ತೆ.

ಕಾಯ್ದೆ ಬದಲಾಗುವ ತನಕ ಸಂಸಾರ ನಡೆಯಬೇಕಲ್ಲ. ಕೈ ಸೋಲುವುದು ಕಂಡ ಕೂಡಲೇ ಸಾಲವಿಲ್ಲದ ಬೇರೊಂದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಉಳಿತಾಯ ಖಾತೆ ತೆಗೆಯಿರಿ. ಸಾಲ ಕೊಟ್ಟ ಬ್ಯಾಂಕು ಕೋರ್ಟಿನ ಆಜ್ಞೆ ಇಲ್ಲದೆ ಇನ್ನೊಂದು ಬ್ಯಾಂಕಿನ ಖಾತೆಗೆ ಕೈ ಹಾಕಲಾರದು. ಇದು ಮೋಸವಲ್ಲ, ಅಂಜಬೇಡಿ. ಸಾಲ ಕೊಟ್ಟವರಿಂದ ತಪ್ಪಿಸಲು ಜಮೀನನ್ನು ಭಾಮೈದನ ಹೆಸರಿಗೆ ಬರೆದುಕೊಡುವುದೇ ಬೇರೆ, ಅದನ್ನು ಕೋರ್ಟು ರದ್ದು ಮಾಡುತ್ತದೆ. ಹೊಸ ಖಾತೆಗೆ ಆಧಾರ್ ಜೋಡಿಸಲು ಅರ್ಜಿ ಕೊಡಿ. ಪಿಎಂ ಕಿಸಾನ್‌ನ ಎರಡು ಸಾವಿರದ ಕಂತು ಆಗ ಅಲ್ಲಿಗೇ ಬೀಳುತ್ತೆ. ಡೇರಿ ಬಟವಾಡೆಯನ್ನೂ ಅಲ್ಲಿಗೆ ಹಾಕಿಸಿ. ಕಬ್ಬಿನ ದುಡ್ಡನ್ನು ಮುರಿದು ಬ್ಯಾಂಕಿಗೆ ಕಟ್ಟಿ ಅಂತ ಕಾರ್ಖಾನೆಗೆ ಸಹಿ ಮಾಡಿಕೊಟ್ಟಿದ್ದರೆ ಮಾತ್ರ ಆ ದುಡ್ಡಿನ ದಾರಿ ಬೇರೆ. ಹೆಂಡತಿಯ ಖಾತೆಗೆ ಗಂಡನ ಸಾಲ ತಾಗುವುದಿಲ್ಲ, ಆಕೆ ಜೊತೆಸಾಲಕ್ಕೋ ಜಾಮೀನಿಗೋ ಸಹಿ ಹಾಕಿರಬಾರದು ಅಷ್ಟೆ. ಆದ್ದರಿಂದ ‘ಅಮ್ಮಾ, ಇಲ್ಲೊಂದು ಹೆಬ್ಬೆಟ್ಟು’ ಅಂದಾಗ ಏನೆಂದು ಕೇಳದೆ ಒತ್ತಿಸಬೇಡಿ.

ಬರೀ ಚೆಕ್ಕಿಗೆ ಸಹಿ ಹಾಕಿ ಫೈನಾನ್ಸಿನವರಿಗೆ ಕೊಡಲೇಬೇಡಿ. ಸಾಲ ಉಳಿಸಿಕೊಂಡದ್ದಕ್ಕೆ ಜೈಲಿಲ್ಲ, ಆದರೆ ಆ ಚೆಕ್ಕು ಬೌನ್ಸಾದರೆ 138ನೇ ಕಲಂನಲ್ಲಿ ಎರಡು ವರ್ಷದವರೆಗೂ ಇದೆ. ನೋಟೀಸು ಬಂದರೆ ದುಡ್ಡು ಕಟ್ಟಲು 15 ದಿನ ಮಾತ್ರ. ಅದನ್ನು ಸೂರಿಗೆ ಸಿಕ್ಕಿಸಿ ಕೂರಬೇಡಿ, ಅವತ್ತೇ ವಕೀಲರ ಹತ್ತಿರ ಹೋಗಿ.

ಈಗಾಗಲೇ ಖಾತೆ ಹೋಲ್ಡ್ ಆಗಿದ್ದರೆ ಮ್ಯಾನೇಜರ ಎದುರು ಕೈ ಮುಗಿದು ನಿಲ್ಲುವುದು ಬೇಡ. ಯಾವ ಆಧಾರದ ಮೇಲೆ ತಡೆದಿರಿ, ಬರೆದು ಕೊಡಿ ಅಂತ ಅರ್ಜಿ ಹಾಕಿ, ನಕಲಿಗೆ ಸೀಲು ಒತ್ತಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಬರೆಯಿರಿ, ಅದಕ್ಕೆ ಫೀಸಿಲ್ಲ. ಒಬ್ಬರೇ ಹೋಗಬೇಡಿ. ಊರಿಂದ ಹತ್ತು ಜನ, ಹತ್ತು ಪಾಸ್‌ಬುಕ್ಕು ಹಿಡಿದು ಒಂದೇ ದಿನ ಹೋಗಿ.