ಕಟ್ಟೆಯ ಮಾತು: ಓಟಿಲ್ಲದವರ ಅಹವಾಲು

ಕಳೆದ ಸಂಚಿಕೆಯ ನಮ್ಮ ಬರಹಕ್ಕೆ ಬಂದ ಪತ್ರಗಳು ಮೂರು. ಎರಡು ಬೈಗುಳ. ಮೂರನೆಯದು ಹಿರಿಯ ಸದಸ್ಯರೊಬ್ಬರದು: "ಕಟ್ಟೆಯಲ್ಲಿ ಕೂತು ಹರಟಿದ್ದು ಸಾಕು. ನಮ್ಮ ಕಷ್ಟವನ್ನು ಇಲ್ಲಿಯ ಕಾಂಗ್ರೆಸ್ ಸದಸ್ಯರಿಗೆ ಮುಟ್ಟಿಸುವುದು ಹೇಗೆ ಎಂದು ಬರೆಯಿರಿ." ಬರೆಯುತ್ತೇವೆ. ಆದರೆ ಅದಕ್ಕೆ ಮುಂಚೆ ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕಾಗಿದೆ. ಅದು ಹೇಳಿಕೊಳ್ಳುವಂಥ ಹೆಮ್ಮೆಯ ವಿಷಯವೇನಲ್ಲ.

ಹಾಸನದಲ್ಲಿ ನಮ್ಮ ತಾಯಿ ಹಾಸಿಗೆ ಹಿಡಿದಾಗ ನಮ್ಮ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಹಳೆಯ ವೀಸಾದ ಅವಧಿ ಮುಗಿದಿತ್ತು. ಅಂಥವರು ಅಡ್ವಾನ್ಸ್ ಪರೋಲ್ ಎಂಬ ಪ್ರಯಾಣದ ಪರವಾನಗಿ ಇಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ. ಪರವಾನಗಿಗೆ ಬರೆದು ಆರು ತಿಂಗಳಾಗಿತ್ತು. ಫೋನ್ ಮಾಡಿದರೆ ಯಂತ್ರದ ಉತ್ತರ: ಪರಿಶೀಲನೆಯಲ್ಲಿದೆ. ಯುಗಾದಿ ಕಳೆಯಿತು, ಆಷಾಢ ಬಂತು. ಒಂದು ಸಂಜೆ ಪಕ್ಕದ ಮನೆಯ ಮುದುಕ, ಅಂಚೆ ಇಲಾಖೆಯಿಂದ ನಿವೃತ್ತನಾದವನು, ಹುಲ್ಲು ಕತ್ತರಿಸುತ್ತಿದ್ದವನು ನಿಂತು ಕೇಳಿದ: "ಕಾಂಗ್ರೆಸ್ ಸದಸ್ಯರ ಕಚೇರಿಗೆ ಹೇಳಿದಿರಾ?" ನಾವೆಂದೆವು, "ನಮಗೆ ಓಟಿಲ್ಲವಲ್ಲ." ಅವನಿಗೆ ನಮ್ಮ ಮಾತು ಅರ್ಥವೇ ಆಗಲಿಲ್ಲ. "ಇದೇ ಬೀದಿಯಲ್ಲಿ ತಾನೇ ಇದ್ದೀರಿ?" ಎಂದ.

ಮರುದಿನ ಫೋನ್ ಮಾಡಿದೆವು. ಹುಡುಗಿಯೊಬ್ಬಳು ಹತ್ತು ನಿಮಿಷ ತಾಳ್ಮೆಯಿಂದ ಕೇಳಿ, ಒಂದು ಪುಟದ ಒಪ್ಪಿಗೆ ಪತ್ರ ಕಳಿಸಿದಳು. ರಾತ್ರಿಯೇ ಸಹಿ ಹಾಕಿ, ಅರ್ಜಿಯ ರಸೀದಿ ಸಂಖ್ಯೆಯನ್ನೂ ಹಾಸನದ ಡಾಕ್ಟರ ಪತ್ರವನ್ನೂ ಸೇರಿಸಿ ಕಳಿಸಿದೆವು. ಪರವಾನಗಿ ಕೈಗೆ ಬಂದದ್ದು ಒಂಬತ್ತನೆಯ ದಿನ. ತಾಯಿ ತೀರಿಕೊಂಡದ್ದು ಆರನೆಯ ದಿನ. ತಮ್ಮ ಕರ್ಮ ಮಾಡಿದ. ನಾವು ವೈಕುಂಠ ಸಮಾರಾಧನೆಯ ಹೊತ್ತಿಗೆ ಊರು ಮುಟ್ಟಿದೆವು.

ಆ ಒಂಬತ್ತು ದಿನಗಳ ಬಗ್ಗೆ ನಮಗೆ ದೂರಿಲ್ಲ. ಅದಕ್ಕೆ ಹಿಂದಿನ ಮೂರು ತಿಂಗಳು ಸುಮ್ಮನೆ ಕೂತೆವಲ್ಲ, ಅದು ಇನ್ನೂ ಕೊರೆಯುತ್ತದೆ.

ಸುಮ್ಮನೆ ಏಕೆ ಕೂತೆವು? ಊರಿನ ಅಭ್ಯಾಸ. ಅಲ್ಲಿ ಶಾಸಕರನ್ನು ಕಾಣಬೇಕಾದರೆ ಬೆಳಗಿನ ಜಾವವೇ ಮನೆಯ ಮುಂದೆ ನಿಲ್ಲಬೇಕು, ಒಳಗೆ ಬಿಡುವವನ ಪರಿಚಯ ಬೇಕು, ಯಾರ ಕಡೆಯವರು ಎಂಬ ಪ್ರಶ್ನೆಗೆ ಉತ್ತರ ಬೇಕು. ಇಲ್ಲಿಯೂ ಹಾಗೆಯೇ ಇರಬಹುದು, ಓಟೂ ಇಲ್ಲದ ನಮ್ಮನ್ನು ಯಾರು ಕೇಳುತ್ತಾರೆ ಎಂದುಕೊಂಡೆವು. ಅದು ತಪ್ಪು. ಅಮೆರಿಕದ ಕೆಳಮನೆಯ 435 ಸ್ಥಾನಗಳು ರಾಜ್ಯಗಳಿಗೆ ಹಂಚಿಕೆಯಾಗುವುದು ಮತದಾರರ ಎಣಿಕೆಯಿಂದಲ್ಲ, ಜನಗಣತಿಯ ತಲೆ ಎಣಿಕೆಯಿಂದ. 2020ರ ಗಣತಿಯ ಪ್ರಕಾರ ಒಂದು ಕ್ಷೇತ್ರಕ್ಕೆ ಸರಾಸರಿ 7,60,000 ಜನ. ಅದರಲ್ಲಿ ವೀಸಾದ ಮೇಲೆ ಬಂದವರೂ ಸೇರಿದ್ದಾರೆ, ತೊಟ್ಟಿಲ ಮಗುವೂ ಸೇರಿದೆ. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ ಮೊದಲ ತಿದ್ದುಪಡಿಯೂ ಮತದಾರರಿಗಷ್ಟೇ ಎಂದು ಹೇಳಿಲ್ಲ.

ಈಗ ಸದಸ್ಯರ ಕಚೇರಿಯ ಕೆಲಸ ಎರಡು ಬಗೆ ಎಂದು ತಿಳಿಯಬೇಕು. ನಮ್ಮ ಅಡ್ವಾನ್ಸ್ ಪರೋಲಿನಂಥದು ಒಂದು ಬಗೆ: ಕೇಂದ್ರ ಸರ್ಕಾರದ ಯಾವುದೋ ಕಚೇರಿಯಲ್ಲಿ ನಿಂತುಹೋದ ಕಾಗದ. ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯೂರಿಟಿ, ಆದಾಯ ತೆರಿಗೆಯ ಮರುಪಾವತಿ, ಎಲ್ಲ ಇದೇ ಸಾಲಿಗೆ ಸೇರಿದವು. ಇದಕ್ಕೆ ವಾಷಿಂಗ್ಟನ್ನಿಗೆ ಬರೆಯಬೇಡಿ. 2001ರಲ್ಲಿ ಲಕೋಟೆಯಲ್ಲಿ ಆಂಥ್ರಾಕ್ಸ್ ಪುಡಿ ಬಂದ ಮೇಲೆ ಅಲ್ಲಿಗೆ ಹೋಗುವ ಅಂಚೆಯನ್ನೆಲ್ಲ ಬೇರೆಡೆ ತಪಾಸಣೆ ಮಾಡಿ ಆಮೇಲೆ ಮುಟ್ಟಿಸುತ್ತಾರೆ, ತಡವಾಗುತ್ತದೆ. ಕ್ಷೇತ್ರದಲ್ಲೇ ಇರುವ ಕಚೇರಿಗೆ ಫೋನ್ ಮಾಡಿ ಅಥವಾ ಖುದ್ದಾಗಿ ಹೋಗಿ. ಒಪ್ಪಿಗೆ ಪತ್ರ ಕಡ್ಡಾಯ. 1974ರ ಖಾಸಗಿತನದ ಕಾನೂನಿನಿಂದಾಗಿ ನಿಮ್ಮ ಸಹಿ ಇಲ್ಲದೆ ಇಲಾಖೆಯವರು ನಿಮ್ಮ ಕಡತದ ಮಾತನ್ನು ಆಡುವಂತಿಲ್ಲ. ಸದಸ್ಯರು ಅಪ್ಪಣೆ ಕೊಡಲಾರರು, ವಿಚಾರಿಸಬಲ್ಲರು ಅಷ್ಟೇ. ಆದರೆ ವಿಚಾರಿಸಿದರೆ ಅಡಿಯಲ್ಲಿದ್ದ ಕಡತ ಮೇಲೆ ಬರುವುದುಂಟು. ಕೋರ್ಟಿನಲ್ಲಿರುವ ವ್ಯಾಜ್ಯಕ್ಕೆ ಅವರು ಕೈ ಹಾಕುವುದಿಲ್ಲ. ಡ್ರೈವಿಂಗ್ ಲೈಸೆನ್ಸಿನ ಗೋಳು ರಾಜ್ಯದ ಶಾಸಕರಿಗೆ ಸೇರಿದ್ದು.

ಎರಡನೆಯ ಬಗೆ ಕಾನೂನಿನದು. ಇಲ್ಲಿ ನಮ್ಮವರು ಎಡವುವುದು ಹೆಚ್ಚು. ನಮ್ಮಲ್ಲಿ ಅನೇಕರ ಗೋಳು 1990ರ ವಲಸೆ ಕಾನೂನಿನಿಂದ ಬಂದದ್ದು: ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ 1,40,000, ಒಂದೊಂದು ದೇಶಕ್ಕೆ ನೂರಕ್ಕೆ 7ರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಈ ದೇಶವಾರು ಮಿತಿಯನ್ನು ತೆಗೆಯುವ ಎಚ್.ಆರ್. 1044 ಮಸೂದೆ 2019ರ ಜುಲೈ 10ರಂದು ಕೆಳಮನೆಯಲ್ಲಿ 365ಕ್ಕೆ 65 ಮತಗಳಿಂದ ಪಾಸಾಯಿತು. ಸೆನೆಟ್ ತನ್ನದೇ ರೂಪದ ಮಸೂದೆಯನ್ನು 2020ರ ಡಿಸೆಂಬರ್ 2ರಂದು ಒಪ್ಪಿತು. ಎರಡೂ ಒಂದಾಗುವ ಮುಂಚೆ ಆ ಕಾಂಗ್ರೆಸ್ಸಿನ ಅವಧಿಯೇ ಮುಗಿಯಿತು. ಎರಡು ವರ್ಷಕ್ಕೊಮ್ಮೆ ಇಲ್ಲಿ ಹಲಗೆ ಒರೆಸಿಬಿಡುತ್ತಾರೆ. ಉಳಿದ ಮಸೂದೆಗಳೆಲ್ಲ ಸತ್ತಂತೆ, ಮತ್ತೆ ತಂದರೆ ಹೊಸ ಸಂಖ್ಯೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾತ್ರ 1044 ಎಷ್ಟೋ ಕಾಲ ಜೀವಂತವಾಗಿತ್ತು. ಅದೇ ಒಕ್ಕಣೆ, ಅದೇ ಕಾಗುಣಿತದ ತಪ್ಪು, ನೂರು ಜನ ಕಳಿಸಿದರು. ಅಂಥ ನೂರು ಪತ್ರ ಕಚೇರಿಯಲ್ಲಿ ಒಂದು ಕಟ್ಟು ಆಗುತ್ತದೆ, ಮೇಲೆ ಒಂದು ಸಂಖ್ಯೆ ಬರೆಯುತ್ತಾರೆ. ಎಲ್ಲರಿಗೂ ಒಂದೇ ಅಚ್ಚಿನ ಉತ್ತರ. ಆಮೇಲೆ "ಇವರು ಓದುವುದೇ ಇಲ್ಲ" ಎಂದು ನಮ್ಮ ಕಡೆಯಿಂದ ಆಕ್ಷೇಪಣೆ!

ಓದಿಸಿಕೊಳ್ಳುವ ಪತ್ರ ಒಂದೇ ಪುಟದ್ದು. ಮೊದಲ ಸಾಲಿನಲ್ಲೇ ನೀವು ಅವರ ಕ್ಷೇತ್ರದವರೆಂಬುದೂ ವಿಳಾಸವೂ ಇರಲಿ. ವಿಷಯ ಒಂದೇ, ಮಸೂದೆಯ ಈಗಿನ ಸಂಖ್ಯೆ, ಏನು ಮಾಡಬೇಕೆಂಬ ಕೋರಿಕೆ. ನಡುವೆ ನಿಮ್ಮದೇ ಸಂಗತಿ. "ಮಗಳು ಎರಡು ವರ್ಷದವಳಿದ್ದಾಗ ಬಂದೆವು, ಬರುವ ಮಾರ್ಚಿಗೆ ಅವಳಿಗೆ 21, ಆಮೇಲೆ ನಮ್ಮ ಅರ್ಜಿಯ ನೆರಳು ಅವಳಿಗೆ ತಪ್ಪುತ್ತದೆ" ಎಂಬ ಒಂದು ಸಾಲು, ಹತ್ತು ಪುಟದ ಅಂಕಿ ಅಂಶಕ್ಕಿಂತ ಹೆಚ್ಚು ತೂಗುತ್ತದೆ. ನಮ್ಮ ಜನಾಂಗ ಎಷ್ಟು ತೆರಿಗೆ ಕಟ್ಟುತ್ತದೆ, ಎಷ್ಟು ಡಾಕ್ಟರು ಎಷ್ಟು ಇಂಜಿನಿಯರು ಎಂಬ ಜಂಬದ ಪಟ್ಟಿ ಬೇಡ. ಅದನ್ನು ಅವರು ಎಲ್ಲ ಭಾರತೀಯ ಸಂಘಗಳಿಂದಲೂ ಕೇಳಿದ್ದಾರೆ.

ಇನ್ನೊಂದು ಭ್ರಮೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರರು 2022ರಲ್ಲಿ ಮಿಷಿಗನ್ನಿನಿಂದ ಕೆಳಮನೆಗೆ ಆಯ್ಕೆಯಾದಾಗ "ನಮ್ಮವರೇ ಇದ್ದಾರಲ್ಲ, ಅವರಿಗೇ ಬರೆಯೋಣ" ಎಂದು ಇಲ್ಲಿಯ ಕೆಲವರು ಹೊರಟರು. ಬೇರೆ ಕ್ಷೇತ್ರದವರ ಪತ್ರವನ್ನು ಆ ಕ್ಷೇತ್ರದ ಸದಸ್ಯರಿಗೇ ಬಿಡುವುದು ಇಲ್ಲಿಯ ಸಂಪ್ರದಾಯ. ನಮ್ಮ ಬೀದಿಯವರ ಹೆಸರು ಏನೇ ಇರಲಿ, ನಮ್ಮ ಪ್ರತಿನಿಧಿ ಅವರೇ.

ಸಂಘದ ಬಗ್ಗೆಯೂ ಒಂದು ಮಾತು, ಪದಾಧಿಕಾರಿಗಳು ಮುನಿಸಿಕೊಳ್ಳಬಾರದು. ರಾಜ್ಯೋತ್ಸವಕ್ಕೆ ಸದಸ್ಯರನ್ನು ಕರೆಸಿದೆವು. ಮೈಸೂರು ಪೇಟ ತೊಡಿಸಿದೆವು, ಶಾಲು ಹೊದಿಸಿದೆವು. (50 ಡಾಲರ್ ಮುಟ್ಟುವ ಉಡುಗೊರೆ ಅವರು ತೆಗೆದುಕೊಳ್ಳುವಂತಿಲ್ಲ ಎಂದು ಅವರ ಸಹಾಯಕ ಪೇಟದ ಬೆಲೆ ಕೇಳಿದಾಗ ಖಜಾಂಚಿಗಳ ಮುಖ ನೋಡಬೇಕಾಗಿತ್ತು.) ನಲವತ್ತು ಜನ ಫೋಟೋ ತೆಗೆಸಿಕೊಂಡರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅವತ್ತು ನಾವೂ ಅಲ್ಲೇ ಇದ್ದೆವು. ಫೋಟೋದಲ್ಲಿ ಎಡಗಡೆಯಿಂದ ಮೂರನೆಯವರು. ತೆರಿಗೆ ವಿನಾಯಿತಿ ಪಡೆದ ಸಂಘ ಅಭ್ಯರ್ಥಿಯ ಪರ ಪ್ರಚಾರ ಮಾಡಬಾರದು, ನಿಜ. ಆದರೆ ಮಿತಿಯೊಳಗೆ ಒಂದು ಮಸೂದೆಯ ಬಗ್ಗೆ ಮಾತನಾಡಲು ಅಡ್ಡಿಯಿಲ್ಲ.

ಆಗಸ್ಟಿನಲ್ಲಿ ಕಾಂಗ್ರೆಸ್ಸಿಗೆ ರಜೆ, ಸದಸ್ಯರು ಕ್ಷೇತ್ರದಲ್ಲಿರುತ್ತಾರೆ. ಆಗ ಭೇಟಿಗೆ ಇಪ್ಪತ್ತು ನಿಮಿಷ ಬೇಕೆಂದು ನಮ್ಮ ಸಮಿತಿ ಕೇಳಿದೆ. ಸಹಾಯಕರಷ್ಟೇ ಸಿಕ್ಕರೂ ಹೋಗುವುದೇ. ಕಾಗದ ಓಡಿಸುವವರು ಅವರೇ. ಮಕ್ಕಳಿಗೆ 21 ಹತ್ತಿರವಾಗಿರುವ ನಾಲ್ಕು ಮನೆಯವರು ಬಂದರೆ ಸಾಕು, ಮಕ್ಕಳೂ ಜೊತೆಗಿರಲಿ. ಅರ್ಜಿಯ ತಾರೀಖು, ರಸೀದಿ ಸಂಖ್ಯೆ ಬರೆದುಕೊಂಡು ಬನ್ನಿ. ಪೇಟ ತರುವುದು ಬೇಡ. ಬರುವವರು ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ಕೋರಿಕೆ.